ಗೋವಕ್ಕಿ ಪಾಲಾದದ್ದು

ಹಕ್ಕಿ ನೋಡೋರು ಕಂಡದ್ದನ್ನ ದಾಖಲಿಸೋ ಜಾಲತಾಣ ಇ-ಬರ್ಡ್‌ನ ಪಟ್ಟಿಯಲ್ಲಿ ಗೋವಕ್ಕಿ (ದನಗಳ ಜೊತೆ ಕಾಣೋ ಬೆಳ್ಳಕ್ಕಿ) 2023ರಲ್ಲೇ ಪಾಲಾಯ್ತು, ಅಂದ್ರೆ ಒಂದೇ ಜಾತಿ ಅಂತಿದ್ದದ್ದು ಎರಡಾಯ್ತು: ನಮ್ಮದು ಪೂರ್ವದ್ದು, ಆಫ್ರಿಕಾ-ಯುರೋಪ್-ಅಮೆರಿಕದ್ದು ಪಶ್ಚಿಮದ್ದು. ಮರುವರ್ಷ ಕಣಜ ಗೂಬೆ ಮೂರಾಯ್ತು. ಹೀಗೆ ಪಾಲು ಮಾಡಿದ್ದು ಸರೀನಾ ಅಂತ ನಮ್ಮ ಹಕ್ಕಿ ನೋಡೋರ ಗುಂಪಲ್ಲಿ ಈಗಲೂ ಜಗಳ. ಟೆಕ್ಸಾಸ್‌ನಲ್ಲಿರೋ ಗೆಳೆಯನಿಗೆ ಭಾರಿ ಖುಷಿ. ಅಲ್ಲೂ ಇಲ್ಲೂ ನೋಡಿದ್ದಾನಲ್ಲ, ಸೋಫಾದಿಂದ ಏಳದೆ ಅವನು ನೋಡಿದ ಜಾತಿಗಳ ಲಿಸ್ಟ್ ಬೆಳೀತು. ಊರು ಬಿಡದ ನಮಗೇನೂ ಸಿಗಲಿಲ್ಲ (ಹೊಟ್ಟೆಕಿಚ್ಚು ಅಂದ್ಕೊಳ್ಳಿ, ಪರವಾಗಿಲ್ಲ).

ಗುಂಪಿನ ಹಿರಿಯರೊಬ್ಬರು "ಈ ಪಟ್ಟಿ ಮಾಡೋರಿಗೆ ಬೇರೆ ಕೆಲಸ ಇಲ್ಲ" ಅಂತ ಗೊಣಗ್ತಾರೆ. ನನಗೆ ಹಾಗನ್ನಿಸಲ್ಲ. ಮರಿ ಮಾಡೋ ಕಾಲದಲ್ಲಿ ನಮ್ಮ ಗೋವಕ್ಕಿಗೆ ತಲೆ, ಕೆನ್ನೆ, ಕತ್ತೆಲ್ಲ ಕಿತ್ತಳೆ ಬಣ್ಣ. ಪಶ್ಚಿಮದ್ದಕ್ಕೆ ನೆತ್ತಿ, ಎದೆ, ಬೆನ್ನಿನ ಮೇಲಷ್ಟೇ, ಅದೂ ತೆಳುವಾಗಿ. ಫೋಟೋ ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತೆ. ಗೂಬೆ ವಿಷಯದಲ್ಲಿ ಮಾತ್ರ ನಂಗಿನ್ನೂ ಅನುಮಾನ. ಪಟ್ಟಿಯ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಇನ್ಯಾವುದನ್ನ ಪಾಲು ಮಾಡ್ತಾರೋ, ನಾನಂತೂ ಕಾಯ್ತಿದ್ದೀನಿ.