ಕಾಳ್ಗಿಚ್ಚಿಗಿಂತ ಮೊದಲು ಕಿಡಿ ಬರುತ್ತದೆ

ಕಾಡಂಚಿನ ಬಡಾವಣೆಗಳು ಸುಟ್ಟುಹೋದ ಮೇಲೆ ತೆಗೆದ ಫೋಟೊಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಮನೆ ಬೂದಿಯಾಗಿರುತ್ತದೆ, ಪಕ್ಕದ ಮರ ಎಷ್ಟೋ ಸಲ ಹಸಿರಾಗಿಯೇ ನಿಂತಿರುತ್ತದೆ. ಉರಿಯ ಗೋಡೆಯೇ ಬಂದು ಮನೆಯನ್ನು ನುಂಗಿದ್ದರೆ ಆ ಮರ ಉಳಿಯುತ್ತಿರಲಿಲ್ಲ. ಗಾಳಿಗೆ ಹಾರಿಬಂದ ಕಿಡಿಗಳು ಯಾವುದೋ ಸಂದಿಯಲ್ಲಿ ಕೂತು, ಹೊಗೆಯಾಡಿ, ಆಮೇಲೆ ಹೊತ್ತಿಕೊಂಡಿವೆ. ಜೋರು ಗಾಳಿ ಇದ್ದರೆ ಕಿಡಿ ಕಿಲೋಮೀಟರ್‌ಗಟ್ಟಲೆ ಮುಂದಕ್ಕೆ ಹಾರುತ್ತದೆ. ಹಾಗಾಗಿ ‘ಬೆಂಕಿ ಇನ್ನೂ ಗುಡ್ಡದ ಆಚೆ ಇದೆ’ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ.

ಮೊದಲ ಕಿಡಿ ಬರುವುದೆಲ್ಲಿಂದ? ಅಮೆರಿಕದಲ್ಲಿ 1992ರಿಂದ 2012ರವರೆಗಿನ ದಾಖಲೆಗಳನ್ನು ನೋಡಿದಾಗ ಶೇ 84ರಷ್ಟು ಕಾಳ್ಗಿಚ್ಚುಗಳ ಹಿಂದೆ ಮನುಷ್ಯರಿದ್ದರು, ಉಳಿದದ್ದು ಸಿಡಿಲು. ಮನುಷ್ಯರು ಎಂದಕೂಡಲೇ ಬೀಡಿ ಎಸೆದವನೋ ಬೇಕಂತಲೇ ಹಚ್ಚಿದ ಕಿಡಿಗೇಡಿಯೋ ನೆನಪಾಗುತ್ತಾನೆ. ಆದರೆ ಲೋಹಕ್ಕೆ ಲೋಹ ಉಜ್ಜಿದರೂ ಸಾಕು. 2018ರಲ್ಲಿ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಬಳಿ ಟೈರ್ ಒಡೆದ ಟ್ರೇಲರ್ ಒಂದರ ರಿಮ್ ರಸ್ತೆಗೆ ಉಜ್ಜಿ ಹಾರಿದ ಕಿಡಿ ಊರಿನೊಳಕ್ಕೇ ಬೆಂಕಿ ತಂದಿತು. ಅದೇ ಬೇಸಿಗೆಯಲ್ಲಿ ಅದೇ ರಾಜ್ಯದಲ್ಲಿ, ಕಣಜದ ಗೂಡು ಮುಚ್ಚಲೆಂದು ಒಬ್ಬರು ಕಬ್ಬಿಣದ ಗೂಟಕ್ಕೆ ಸುತ್ತಿಗೆಯಿಂದ ಹೊಡೆದರು. ಸುಟ್ಟದ್ದು 4 ಲಕ್ಷ ಎಕರೆಗೂ ಹೆಚ್ಚು. ಆ ವರ್ಷವೇ ನವೆಂಬರಿನಲ್ಲಿ ಅದೇ ರಾಜ್ಯದ ಪ್ಯಾರಡೈಸ್ ಪಟ್ಟಣದ ಬೆಂಕಿಯಲ್ಲಿ 85 ಜನ ಸತ್ತದ್ದಕ್ಕೆ ಮೂಲ ವಿದ್ಯುತ್ ಗೋಪುರದಲ್ಲಿ ಸವೆದು ತುಂಡಾದ ಒಂದು ಕೊಕ್ಕೆ.

ಇಷ್ಟು ಸಣ್ಣ ಕಿಡಿಗೆ ಅಷ್ಟು ಬಲ ಬರುವುದು ಒಣಹುಲ್ಲಿನಿಂದ. 6 ಮಿಲಿಮೀಟರಿಗಿಂತ ತೆಳುವಾದ ಹುಲ್ಲುಕಡ್ಡಿ, ತರಗೆಲೆ ಸುತ್ತಲಿನ ಗಾಳಿಯ ತೇವಕ್ಕೆ ಒಂದೇ ಗಂಟೆಯಲ್ಲಿ ಹೊಂದಿಕೊಳ್ಳುತ್ತವೆ. ಬೆಳಿಗ್ಗೆ ಇಬ್ಬನಿಗೆ ನೆಂದ ಹುಲ್ಲು ಮಧ್ಯಾಹ್ನ ಎರಡಕ್ಕೆ ಸಿಡಿಮದ್ದು. ಆದ್ದರಿಂದ ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ; ಬ್ಲೇಡ್ ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ. ಅಡಿಯ ಸೈಲೆನ್ಸರ್ ಕೊಳವೆ ಹುಲ್ಲು ಹೊತ್ತಿಕೊಳ್ಳುವಷ್ಟು ಕಾದಿರುತ್ತದೆ. ಕಸಕ್ಕೆ ಹಚ್ಚಿದ ಬೆಂಕಿ ಆರಿತೆಂದು ಕಣ್ಣಳತೆಯಲ್ಲಿ ಹೇಳಲಾಗದು: ನೀರು ಸುರಿದು, ಕೆದಕಿ, ಮತ್ತೆ ನೀರು ಸುರಿದು, ಕೊನೆಗೆ ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಬೇಕು. ಬಿಸಿ ತಾಗಿದರೆ ಕೆಲಸ ಮುಗಿದಿಲ್ಲ.

ಇಳಿಜಾರಿನ ವಿಷಯ ಬೇರೆಯೇ. ಏರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೆ ಏರುವ ಬೆಂಕಿಯ ವೇಗ ಅಂದಾಜು ಎರಡು ಪಟ್ಟಾಗುತ್ತದೆ. ಚೆಂದದ ನೋಟಕ್ಕೆಂದು ಗುಡ್ಡದ ನೆತ್ತಿಯಲ್ಲಿ ಕಟ್ಟಿಸಿದ ಮನೆಗೆ ಈ ಲೆಕ್ಕವೂ ಜೊತೆಗೇ ಬರುತ್ತದೆ.

ಈಗ ಮನೆಗೆ ಬರೋಣ. ಗೋಡೆಯಿಂದ ಮೊದಲ ಒಂದೂವರೆ ಮೀಟರ್ ಜಾಗವೇ ಎಲ್ಲಕ್ಕಿಂತ ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹತ್ತು ಎಕರೆ ಕಾಡು ಸವರಿ, ಬಾಗಿಲಲ್ಲಿ ತೆಂಗಿನ ನಾರಿನ ಕಾಲೊರಸು ಬಿಟ್ಟರೆ ಏನು ಬಂತು? ಆ ಪಟ್ಟಿಯಲ್ಲಿ ಜಲ್ಲಿ, ಕಲ್ಲು, ಕಾಂಕ್ರೀಟ್ ಮಾತ್ರ ಇರಲಿ. ಪೊದೆ, ಮರದ ಸಿಪ್ಪೆಯ ಹೊದಿಕೆ, ಪ್ಲಾಸ್ಟಿಕ್ ಕುರ್ಚಿ ಬೇಡ. ಸೌದೆ ಒಟ್ಟಿಲು 9 ಮೀಟರ್ ದೂರ ಇರಬೇಕು. ಸೂರಿನ ಮಳೆನೀರಿನ ದೋಣಿಯಲ್ಲಿ ಕೂತ ತರಗೆಲೆ ಕಿಡಿಗೆ ಹಾಸಿಟ್ಟ ಹಾಸಿಗೆ. ಅಟ್ಟದ ಗಾಳಿಕಿಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಬೇಕು. ಸೊಳ್ಳೆಗೆ ಹಾಕುವ ಪ್ಲಾಸ್ಟಿಕ್ ಜಾಲರಿ ಕರಗಿ ಬಾಯಿ ತೆರೆಯುತ್ತದೆ. ಗೋಡೆಗೆ ತಾಗಿದ ಮರದ ಬೇಲಿ ಬತ್ತಿಯಂತೆ ಬೆಂಕಿಯನ್ನು ಮನೆಯವರೆಗೆ ಕರೆತರುವುದರಿಂದ ಕೊನೆಯ ಭಾಗವನ್ನಾದರೂ ಲೋಹಕ್ಕೆ ಬದಲಿಸಿ. ಆ ಒಂದೂವರೆ ಮೀಟರಿನಾಚೆ ಮರಗಳ ಕೆಳಗೊಂಬೆಗಳನ್ನು ನೆಲದಿಂದ 2 ಮೀಟರ್‌ವರೆಗೆ ಸವರಿ, ನೆಲದ ಉರಿ ನೆತ್ತಿಗೆ ಹತ್ತದಿರಲಿ.

ಹೊರಡುವ ಸೂಚನೆ ಬಂದರೆ ಕಿಟಕಿ ಬಾಗಿಲು ಮುಚ್ಚಿ, ಪರದೆ ಸೋಫಾಗಳನ್ನು ಕಿಟಕಿಯಿಂದ ದೂರ ಸರಿಸಿ, ಗ್ಯಾಸ್ ಬಂದ್ ಮಾಡಿ. ಚಾವಣಿಗೆ ನೀರು ಬಿಟ್ಟು ಹೋಗುವುದು ಬೇಡ. ನೂರು ಮನೆಯವರು ಹಾಗೆ ಮಾಡಿದರೆ ಅಗ್ನಿಶಾಮಕರ ಕೊಳವೆಯಲ್ಲಿ ಒತ್ತಡ ಉಳಿಯದು. ಮುಖ್ಯವಾಗಿ ಬೇಗ ಹೊರಡಿ. 2018ರ ಜುಲೈ 23ರಂದು ಗ್ರೀಸಿನ ಮಾಟಿಯಲ್ಲಿ 104 ಜನ ಸತ್ತರು. 26 ಶವಗಳು ಸಮುದ್ರಕ್ಕೆ ಕೆಲವೇ ಹೆಜ್ಜೆ ದೂರದಲ್ಲಿ ಒಟ್ಟಿಗೇ ಸಿಕ್ಕವು. ಉರಿ ಮೈಗೆ ತಾಗುವ ಮೊದಲೇ ಅದರ ಝಳ, ಹೊಗೆ ಕೊಲ್ಲುತ್ತವೆ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಸೂಕ್ಷ್ಮ ಕಣಗಳನ್ನು ತಡೆಯದು. ಎನ್95 ಮಾಸ್ಕ್ ಕಣ ತಡೆದರೂ ಕಾರ್ಬನ್ ಮೊನಾಕ್ಸೈಡ್ ತಡೆಯದು.

ಮರಳಿ ಬಂದಾಗ ಬೂದಿ ಮುಚ್ಚಿದ ನೆಲದ ಮೇಲೆ ನೋಡಿಕೊಂಡು ಕಾಲಿಡಿ. ಬೇರು ಒಳಗೇ ಉರಿದು ಟೊಳ್ಳಾದ ಜಾಗದಲ್ಲಿ ಕೆಂಡ ದಿನಗಟ್ಟಲೆ ಇರುತ್ತದೆ. ನಲ್ಲಿ ನೀರನ್ನು ಪರೀಕ್ಷೆಯಾಗುವವರೆಗೆ ಕುಡಿಯಬೇಡಿ. ಒತ್ತಡ ಕಳೆದುಕೊಂಡ ಕೊಳವೆಗಳು ಹೊಗೆ ಹೀರಿಕೊಳ್ಳುತ್ತವೆ, ಪ್ಲಾಸ್ಟಿಕ್ ಕೊಳವೆಗಳು ಸುಡುತ್ತವೆ. ಪ್ಯಾರಡೈಸ್‌ನ ನೀರಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಎಂಬ ರಾಸಾಯನಿಕ ಸಿಕ್ಕಿತ್ತು. ಕುದಿಸಿದರೆ ಅದು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ.