ನಿಮಗ್ಯಾಕಮ್ಮ ಇದೆಲ್ಲ?

"ನಿಮಗ್ಯಾಕಮ್ಮ ಇದೆಲ್ಲ? ಮಗ ಬಂದಾಗ ಹೇಳಿ, ಅವರು ನೋಡ್ಕೊಳ್ತಾರೆ."

ಈ ಮಾತು ಹೇಳಿದ್ದು ನಮ್ಮ ಅತ್ತೆಗೆ. ನಾನು ಆಗ ಅಲ್ಲಿರಲಿಲ್ಲ. ಅತ್ತೆ ಫೋನಿನಲ್ಲಿ ಹೇಳಿದಾಗ ಕೇಳಿದ್ದು ಅಷ್ಟೇ. ದೂರುವ ದನಿಯಲ್ಲೂ ಅವರು ಹೇಳಲಿಲ್ಲ. "ಆ ಹುಡುಗ ಹೀಗಂದ ಕಣೇ" ಅಂದು ಸೊಪ್ಪಿನ ರೇಟಿಗೆ ಹೋದರು. ನನ್ನ ಕಿವಿಯಲ್ಲಿ ಮಾತ್ರ ಅದು ಈ ವಾರವೆಲ್ಲ ಕೂತುಬಿಟ್ಟಿದೆ.

ಅತ್ತೆ ಇರುವುದು ಹನುಮಂತನಗರದಲ್ಲಿ, ಒಬ್ಬರೇ. ಮಾವ ಹೋದಮೇಲೆ ನಮ್ಮ ಜೊತೆ ಬನ್ನಿ ಅಂತ ಎಷ್ಟು ಕರೆದರೂ ಬರಲಿಲ್ಲ. ಅಲ್ಲಿ ಅವರಿಗೆ ರಾಮಾಂಜನೇಯ ಗುಡ್ಡ ಇದೆ, ಪರಿಚಯದ ಹೂವಿನವಳು ಇದ್ದಾಳೆ, ಶನಿವಾರದ ಭಜನೆ ಇದೆ. ಭಜನೆಗೆ 18 ಜನ ಸೇರುತ್ತಾರೆ. ಹೆಚ್ಚಿನವರು ಎಪ್ಪತ್ತು ದಾಟಿದವರು. ಅರ್ಧ ಜನಕ್ಕೆ ಕಣ್ಣಿನ ಪೊರೆ ತೆಗೆಸಿ ಆಗಿದೆ. ಅವರು ತಡವರಿಸದೆ ಓದಲಿ ಅಂತ ಅತ್ತೆ ವಾರಕ್ಕೊಂದು ದೇವರನಾಮವನ್ನು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು ಹಂಚುತ್ತಾರೆ. ಮೊದಲು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುತ್ತಿದ್ದರು. ಅಲ್ಲಿನ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಇರಲಿಲ್ಲ. ಕನ್ನಡ ಅಕ್ಷರ ಇರಬೇಕಾದ ಕಡೆ ಅರ್ಥವಿಲ್ಲದ ಚಿಹ್ನೆಗಳು ಬಂದವು. ಅಂಗಡಿಯವರು ಒಳ್ಳೆಯವರು, ದುಡ್ಡು ತಗೊಳ್ಳಲಿಲ್ಲ. ಆದರೆ ಆ ವಾರ ಭಜನೆಗೆ ಹಾಳೆಯೂ ಇರಲಿಲ್ಲ. 2021ರಲ್ಲಿ ಅತ್ತೆ ತಮ್ಮ ಪೆನ್ಷನ್ ದುಡ್ಡಿನಲ್ಲೇ ಒಂದು ವೈಫೈ ಪ್ರಿಂಟರ್ ತಂದರು.

ಕಳೆದ ಸೋಮವಾರ ಮನೆಗೆ ವೈಫೈ ಕೊಡುವ ಹಳೆಯ ರೂಟರ್ ಕೆಟ್ಟಿತು. ಬುಧವಾರ ಹೊಸದು ಬಂತು. ಹಾಕಲು ಬಂದ ಹುಡುಗ ಟಿವಿ ನೋಡಿದ, ಫೋನ್ ನೋಡಿದ, "ಎಲ್ಲ ಬರ್ತಿದೆ ಅಮ್ಮ" ಅಂದ. ಅತ್ತೆ ಪ್ರಿಂಟರ್ ತೋರಿಸಿದರು. ಅದು ನಮ್ಮ ಕೆಲಸಕ್ಕೆ ಬರಲ್ಲ ಅಂದ. "ಆಯ್ತಪ್ಪಾ, ಹೇಗೆ ಜೋಡಿಸೋದು ಅಂತ ಹೇಳು, ಬರ್ಕೊಳ್ತೀನಿ" ಅಂದರಂತೆ ಅತ್ತೆ. ಆಗ ಬಂತು ಆ ಮಾತು.

ಅವನ ಮೇಲೆ ನನಗೆ ಕೋಪ ಬಂದಿತ್ತು. ಅತ್ತೆಗೆ ಬಂದಿರಲಿಲ್ಲ. ಅವನು ಇದ್ದ 20 ನಿಮಿಷದಲ್ಲಿ ನಾಲ್ಕು ಸಲ ಫೋನ್ ಬಂತಂತೆ, ಮುಂದಿನ ಮನೆಗೆ ಯಾವಾಗ ಹೋಗ್ತೀಯ ಅಂತ. ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲವಂತೆ. ಒಂದು ದಿನಕ್ಕೆ ಇಷ್ಟು ಮನೆ ಅಂತ ಲೆಕ್ಕ ಹಾಕಿ ಓಡಿಸಿದರೆ ಯಾರಿಗೆ ತಾನೇ ಕೂತು ಕಲಿಸುವ ಪುರುಸೊತ್ತು ಇರುತ್ತದೆ? ಅದು ನನಗೂ ಅರ್ಥ ಆಗುತ್ತದೆ. "ಟೈಮ್ ಇಲ್ಲಮ್ಮ" ಅಂದಿದ್ದರೆ ಮುಗಿದುಹೋಗುತ್ತಿತ್ತು. "ನಿಮಗ್ಯಾಕೆ" ಅಂದದ್ದು ನನ್ನನ್ನು ಚುಚ್ಚಿತು.

ಅವನ ಮುಂದೆ ನಿಂತಿದ್ದವರು ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್‌ನಲ್ಲಿ 31 ವರ್ಷ ಟೈಪಿಸ್ಟ್ ಆಗಿದ್ದವರು. ಕನ್ನಡ ಟೈಪಿಂಗ್‌ನಲ್ಲಿ ಸೀನಿಯರ್ ಪಾಸು. ಕಾರ್ಬನ್ ಇಟ್ಟು ಐದು ಪ್ರತಿ ಹೊಡೆದವರು, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರಕ್ಕೆ ಸ್ಟೆನ್ಸಿಲ್ ಕತ್ತರಿಸಿದವರು. ಸ್ಟೆನ್ಸಿಲ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಮೇಲೆ ದ್ರಾವಣ ಹಚ್ಚಿ, ಒಣಗುವ ತನಕ ಕಾದು, ಮತ್ತೆ ಹೊಡೆಯಬೇಕಿತ್ತಂತೆ. ಆಫೀಸಿಗೆ ಕಂಪ್ಯೂಟರ್ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಟೈಪ್‌ರೈಟರ್‌ನಲ್ಲಿ ಬೆರಳಿಗೆ ಕೂತಿದ್ದ ಜಾಗಗಳನ್ನೆಲ್ಲ ಮರೆತು ನುಡಿಯ ಕೀಲಿಮಣೆ ಕಲಿಯಬೇಕಾಯಿತು. ಕನ್ನಡ ಗಣಕ ಪರಿಷತ್ತಿನ ಆ ಕೀಲಿಮಣೆಗೆ ಬುನಾದಿ ಕೆ.ಪಿ. ರಾವ್ ಅವರ ವಿನ್ಯಾಸ. ಕೆ ಒತ್ತಿದರೆ ಕ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಅತ್ತೆ ಅದನ್ನು ಒಂದು ತಿಂಗಳಲ್ಲಿ ಕಲಿತರು. ಆಮೇಲೆ ಸೆಕ್ಷನ್‌ನಲ್ಲಿ ಉಳಿದವರಿಗೆ ಕಲಿಸಿದವರೂ ಅವರೇ. ಊಟದ ಹೊತ್ತಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಹೇಳಿಕೊಡುತ್ತಿದ್ದರು ಅಂತ ಅವರ ಗೆಳತಿಯೊಬ್ಬರು ಈಗಲೂ ನೆನೆಸಿಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದಮೇಲೆ ನನ್ನದನ್ನೂ ಹೇಳಬೇಕು. ಗುರುವಾರ ಬೆಳಿಗ್ಗೆ ಅತ್ತೆ ಫೋನ್ ಮಾಡಿ, "ಕಂಪ್ಯೂಟರ್ ಆಫ್‌ಲೈನ್ ಅಂತಿದೆ ಕಣೇ, ಪ್ರಿಂಟರ್ ಪಕ್ಕದಲ್ಲೇ ಇದೆ, ಎಲ್ಲಿ ನೋಡ್ಲಿ?" ಅಂದರು. ನಾನು ಆಫೀಸಿನ ಮೀಟಿಂಗ್‌ಗೆ ಹೊರಟಿದ್ದೆ. "ಬಿಡಿ ಅತ್ತೆ, ನೀವು ಏನೂ ಮುಟ್ಟಬೇಡಿ, ನಾನು ಬಂದು ಮಾಡ್ತೀನಿ" ಅಂದೆ. ಪ್ರೀತಿಯಿಂದಲೇ ಅಂದದ್ದು. ಆದರೆ ರಾತ್ರಿ ಮಲಗಿದಾಗ ಎರಡೂ ಮಾತು ಪಕ್ಕಪಕ್ಕ ನಿಂತವು. ನಿಮಗ್ಯಾಕಮ್ಮ ಇದೆಲ್ಲ. ನೀವು ಏನೂ ಮುಟ್ಟಬೇಡಿ. ಎರಡಕ್ಕೂ ಏನು ದೊಡ್ಡ ವ್ಯತ್ಯಾಸ?

ಶುಕ್ರವಾರ ಸಂಜೆ ಆಫೀಸಿನಿಂದ ನೇರ ಹೋದೆ. ನಮ್ಮವರು, "ಹಳೇ ಪ್ರಿಂಟರ್ ತಾನೇ, ಹೊಸದು ಆರ್ಡರ್ ಮಾಡಿಬಿಡ್ತೀನಿ" ಅಂದಿದ್ದರು. ಅವರಿಗೆ ಎಲ್ಲಕ್ಕೂ ಅದೇ ಪರಿಹಾರ. ಚೆನ್ನಾಗಿ ಕೆಲಸ ಮಾಡುವ ವಸ್ತುವನ್ನು ತೆಗೆದು ಎಸೆಯುವುದು ನನಗೆ ಇಷ್ಟವಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ. ರೂಟರ್ ಆಫ್ ಮಾಡಿ ಎರಡು ನಿಮಿಷ ಬಿಟ್ಟೆ. ಸಾಲಿನಲ್ಲಿ ನಿಂತಿದ್ದ ಹಳೆಯ ಪ್ರಿಂಟ್‌ಗಳನ್ನೆಲ್ಲ ಅಳಿಸಿದೆ. ಪ್ರಿಂಟರ್‌ನ ನೀಲಿ ದೀಪ ಮಿಣುಕುತ್ತಲೇ ಇತ್ತು. ಆ ದೀಪ ನಿಂತು ಉರಿದರೆ ಮಾತ್ರ ವೈಫೈ ಸಿಕ್ಕಿದೆ ಅಂತ ಅರ್ಥ. ಅದು ಇನ್ನೂ ಹಳೆಯ ರೂಟರ್‌ನ ಹೆಸರನ್ನೇ ಹುಡುಕುತ್ತಿತ್ತು. ಫೋನಿನ ಆ್ಯಪ್‌ನಿಂದ ಹೊಸ ಹೆಸರು, ಪಾಸ್‌ವರ್ಡ್ ಕೊಡಲು ನೋಡಿದೆ. ಈ ನೆಟ್‌ವರ್ಕ್ ಈ ಪ್ರಿಂಟರ್‌ಗೆ ಹೊಂದುವುದಿಲ್ಲ ಅಂತ ಬಂತು. ಮತ್ತೆ ಕೊಟ್ಟೆ, ಮತ್ತೆ ಅದೇ. ಅಷ್ಟರಲ್ಲಿ ಎಂಟು ಗಂಟೆ ಆಗಿತ್ತು.

ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ನೋಟ್‌ಬುಕ್. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು, ಮಾತ್ರೆಗಳ ಹೆಸರು ಎಲ್ಲ ಅದರಲ್ಲೇ ಇರುತ್ತದೆ. ಎರಡು ಸಲ ಅವರು ಬಾಯಿ ತೆರೆದದ್ದನ್ನು ನಾನು ಓರೆಗಣ್ಣಲ್ಲಿ ನೋಡಿದ್ದೆ. ನಾನು ಪರದೆಯಿಂದ ತಲೆ ಎತ್ತಿರಲಿಲ್ಲ. ಮೂರನೇ ಸಲ ಅವರು ಕೇಳಿಯೇಬಿಟ್ಟರು.

"ಮೊದಲು ವೈಫೈಗೆ ಎರಡು ಹೆಸರಿತ್ತು. ಈಗ ಒಂದೇ ಇದೆಯಲ್ಲ, ಯಾಕೆ?"

ನೋಟ್‌ಬುಕ್ ಇಸಿದುಕೊಂಡು ನೋಡಿದೆ. 2021ರ ಪುಟದಲ್ಲಿ ಎರಡು ಹೆಸರು ಬರೆದಿದ್ದರು. ಒಂದರ ಕೊನೆಗೆ 5ಜಿ ಅಂತಿತ್ತು. ಕೆಳಗೆ, "ಪ್ರಿಂಟರ್‌ಗೆ 5ಜಿ ಇಲ್ಲದ್ದು" ಅಂತ ಗೆರೆ ಎಳೆದಿದ್ದರು. ಮುಂದೆ ತಿರುಗಿಸಿದರೆ ಈ ಬುಧವಾರದ ಪುಟ. ಅದೇ ದುಂಡಗಿನ ಅಕ್ಷರ. "ಹೊಸ ರೂಟರ್. ಹೆಸರು ಒಂದೇ. ಎರಡನೇದು ಎಲ್ಲಿ? ಕೇಳಬೇಕು."

ಕೇಳಬೇಕು ಅಂತ ಬುಧವಾರವೇ ಬರೆದಿಟ್ಟಿದ್ದರು. ಕೇಳಲು ಹೋದಾಗ ಒಬ್ಬ ನಿಮಗ್ಯಾಕೆ ಅಂದ. ಇನ್ನೊಬ್ಬಳು ಮುಟ್ಟಬೇಡಿ ಅಂದಳು.

ವಿಷಯ ಇದ್ದದ್ದು ಅಲ್ಲೇ. ಈಗಿನ ಹೆಚ್ಚಿನ ರೂಟರ್‌ಗಳು 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಅಲೆ ಕಳಿಸುತ್ತವೆ. ಈ 5ಕ್ಕೂ ಮೊಬೈಲಿನ 5ಜಿಗೂ ಸಂಬಂಧ ಇಲ್ಲ. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಮನೆಗೆ ತರುವ ಎಷ್ಟೋ ಪ್ರಿಂಟರ್‌ಗಳಿಗೆ 2.4 ಮಾತ್ರ ಗೊತ್ತು. ಅತ್ತೆಯದ್ದೂ ಅಂಥದ್ದೇ. ಹೊಸ ರೂಟರ್ ಎರಡಕ್ಕೂ ಒಂದೇ ಹೆಸರಿಟ್ಟು, ಯಾರಿಗೆ ಯಾವುದು ಅಂತ ತಾನೇ ಹಂಚುತ್ತಿತ್ತು. ನನ್ನ ಫೋನನ್ನು 5ಕ್ಕೆ ಸೇರಿಸಿತ್ತು. ಆ್ಯಪ್ ಅದನ್ನೇ ಪ್ರಿಂಟರ್‌ಗೆ ಕೊಡಲು ಹೋಗುತ್ತಿತ್ತು.

ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ 192.168.1.1 ಹೊಡೆದು ಅದರ ಸೆಟ್ಟಿಂಗ್ಸ್ ಒಳಗೆ ಹೋದೆವು. ಹೋದೆವು ಅನ್ನಬೇಕು, ಏಕೆಂದರೆ ಆ ಹೊತ್ತಿಗೆ ಕುರ್ಚಿ ಬದಲಾಗಿತ್ತು. ಕೀಬೋರ್ಡ್ ಅತ್ತೆಯ ಮುಂದಿತ್ತು. ಎರಡೂ ಅಲೆಗಳನ್ನು ಬೇರೆ ಮಾಡಿ ಎರಡು ಹೆಸರು ಕೊಟ್ಟರು. ಫೋನನ್ನು 2.4ರ ಹೆಸರಿಗೆ ಸೇರಿಸಿ, ಆ್ಯಪ್‌ನಲ್ಲಿ ಮತ್ತೆ ಪಾಸ್‌ವರ್ಡ್ ಕೊಟ್ಟರು. ದೀಪ ಮಿಣುಕಿತು, ಮಿಣುಕಿತು, ನಿಂತಿತು.

ಕಂಪ್ಯೂಟರ್ ಮಾತ್ರ ಇನ್ನೂ ಆಫ್‌ಲೈನ್ ಅನ್ನುತ್ತಿತ್ತು.

ಪ್ರಿಂಟರ್‌ನಿಂದಲೇ ಅದರ ನೆಟ್‌ವರ್ಕ್ ವಿವರದ ಹಾಳೆಯೊಂದನ್ನು ತೆಗೆಯಬಹುದು. ತೆಗೆದೆವು. ಅತ್ತೆ ಅದನ್ನು ನೋಟ್‌ಬುಕ್ಕಿನ ಹಳೆಯ ಹಾಳೆಯ ಪಕ್ಕ ಇಟ್ಟರು. 2021ರದ್ದನ್ನು ಅಂಟಿಸಿ ಇಟ್ಟಿದ್ದರು ನೋಡಿ! ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮೂಲಪ್ರತಿ, ನಕಲು ಪಕ್ಕ ಇಟ್ಟು ತಾಳೆ ನೋಡುವುದು ಅವರ 31 ವರ್ಷದ ಕೆಲಸ. "ಇಲ್ನೋಡು. ಆಗ 192.168.0.105. ಈಗ 192.168.1.7. ಸೊನ್ನೆ ಹೋಗಿ ಒಂದಾಗಿದೆ, ಕೊನೇದೂ ಬೇರೆ."

ಕಂಪ್ಯೂಟರ್ ಇನ್ನೂ ಹಳೆಯ ವಿಳಾಸಕ್ಕೇ ಕಾಗದ ಹಾಕುತ್ತಿತ್ತು. ಮನೆಯೊಳಗಿನ ಪ್ರತಿ ಯಂತ್ರಕ್ಕೂ ರೂಟರ್ ಒಂದೊಂದು ನಂಬರ್ ಕೊಡುತ್ತದೆ, ಅದೂ ಬಾಡಿಗೆಗೆ ಕೊಟ್ಟ ಹಾಗೆ, ಇಷ್ಟು ಹೊತ್ತಿಗೆ ಅಂತ. ರೂಟರ್ ಬದಲಾದರೆ ನಂಬರೂ ಬದಲಾಗಬಹುದು. ಕೆಲವು ಸಲ ಕರೆಂಟ್ ಹೋಗಿ ಬಂದರೂ ಸಾಕು. 192.168 ಅಂತ ಶುರುವಾಗುವ ಈ ನಂಬರ್‌ಗಳನ್ನು ಮನೆ, ಆಫೀಸಿನ ಒಳಬಳಕೆಗೆ ಅಂತಲೇ ಎತ್ತಿಟ್ಟಿದ್ದಾರೆ, ಆ ನಿಯಮ ಪ್ರಕಟವಾದದ್ದು 1996ರಲ್ಲಿ ಅಂದೆ. "ಆಗ ನಾನಿನ್ನೂ ಟೈಪ್‌ರೈಟರ್ ಮುಂದೆ ಇದ್ದೆ" ಅಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. ಕಂಪ್ಯೂಟರ್‌ನಲ್ಲಿ ಹೊಸ ವಿಳಾಸ ಕೊಟ್ಟು ಪ್ರಿಂಟರ್ ಮತ್ತೆ ಸೇರಿಸಿದೆವು. ಆ ನಂಬರ್ ಇನ್ನು ಬದಲಾಗದ ಹಾಗೆ ರೂಟರ್‌ನಲ್ಲಿ ಅದನ್ನು ಈ ಪ್ರಿಂಟರ್ ಹೆಸರಿಗೇ ಕಾದಿರಿಸಿದೆವು. ಅದಕ್ಕೆ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್ ಬೇಕು, ಅಂದರೆ ಆ ಯಂತ್ರದ್ದೇ ಆದ ಗುರುತು, 12 ಅಕ್ಷರದ್ದು. ನಾನು ಓದಿದೆ, ಅವರು ಹೊಡೆದರು. ನೋಡದೆ ಹೊಡೆದರು. ಒಂದೂ ತಪ್ಪಲಿಲ್ಲ.

ಈ ಬುದ್ಧಿಗೆ, ಈ ಕೈಗೆ ನಾವು ನಿಮಗ್ಯಾಕೆ ಅನ್ನುತ್ತಿದ್ದೇವೆ.

ಪ್ರಿಂಟರ್ ಒಂದೇ ಅಲ್ಲ. ಬ್ಯಾಂಕಿನ ಆ್ಯಪ್, ಪೆನ್ಷನ್‌ಗೆ ಕೊಡುವ ಜೀವನ ಪ್ರಮಾಣ, ಕರೆಂಟ್ ಬಿಲ್ಲು, ಎಲ್ಲದಕ್ಕೂ ಹಿರಿಯರ ಕೈಯಿಂದ ಫೋನ್ ಇಸಿದುಕೊಳ್ಳುತ್ತೇವೆ. ಸರಸರ ಒತ್ತಿ, "ಆಯ್ತು" ಅಂತ ವಾಪಸ್ ಕೊಡುತ್ತೇವೆ. ಏನಾಯ್ತು, ಹೇಗಾಯ್ತು ಅಂತ ಹೇಳುವುದಿಲ್ಲ. ಮುಂದಿನ ತಿಂಗಳು ಅವರು ಮತ್ತೆ ನಮ್ಮ ದಾರಿ ಕಾಯಬೇಕು. ಎಷ್ಟೋ ಮನೆಗಳಲ್ಲಿ ಒಟಿಪಿಯನ್ನು ಗೊತ್ತಿಲ್ಲದವರಿಗೆ ಓದಿ ಹೇಳಿ ದುಡ್ಡು ಕಳೆದುಕೊಂಡ ಹಿರಿಯರನ್ನು ಮಕ್ಕಳು ಬೈಯುತ್ತಾರೆ. ಒಟಿಪಿ ಅಂದರೆ ಏನು ಅಂತ ಅವರ ಪಕ್ಕ ಕೂತು ಯಾರಾದರೂ ಹೇಳಿದ್ದರಾ? ನಾನು ನಮ್ಮಮ್ಮನಿಗೆ ಹೇಳಿಲ್ಲ. ಅವರ ಫೋನ್‌ನಲ್ಲಿ ಏನು ಬಂದರೂ ನನಗೆ ಕಳಿಸು ಅಂದಿದ್ದೇನೆ, ಅಷ್ಟೇ. ಇದನ್ನು ಬರೆಯುವಾಗಲೇ ಅದು ಹೊಳೆದದ್ದು.

ಕಲಿಸುವುದು ನಿಧಾನ, ನಿಜ. ಅತ್ತೆ ಪ್ರತಿ ಹೆಜ್ಜೆ ಬರೆದುಕೊಳ್ಳುವ ತನಕ ನಾನು ಕಾಯಬೇಕಿತ್ತು. "ಸೇವ್ ಒತ್ತಿದಮೇಲೆ ಏನು ಬರುತ್ತೆ?" "ಬರದಿದ್ರೆ?" ಅಂತ ಕೇಳುತ್ತಲೇ ಇದ್ದರು. 20 ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಆದರೆ ಊಟದ ಡಬ್ಬಿ ಪಕ್ಕಕ್ಕಿಟ್ಟು ಎಫ್ ಕೀಲಿ ತೋರಿಸುತ್ತಿದ್ದ ಆ ಹೆಂಗಸಿಗೂ ಆಗ ಹಸಿವಾಗುತ್ತಿತ್ತು ಅಲ್ವಾ?

ರಾತ್ರಿ ಹತ್ತಾಗಿತ್ತು. ಅತ್ತೆಯೇ ಪ್ರಿಂಟ್ ಒತ್ತಿದರು. ಒಳಗೆ ಗರಗರ ಸದ್ದಾಗಿ ಹಾಳೆಗಳು ಒಂದೊಂದಾಗಿ ಬಂದವು. ಹದಿನೆಂಟೂ ಬಂದಮೇಲೆ ಮೇಲಿನದನ್ನು ಎತ್ತಿ ಬೆಳಕಿಗೆ ಹಿಡಿದರು. ಮೂರನೇ ಸಾಲಿಗೆ ಬಂದು ನಿಂತರು. ಲ ಇರಬೇಕಾದ ಕಡೆ ಳ ಬಿದ್ದಿತ್ತು.

"ಇರಲಿ ಬಿಡಿ ಅತ್ತೆ, ಅವರಿಗೆ ಬಾಯಲ್ಲೇ ಬರುತ್ತಲ್ಲ" ಅನ್ನುವುದು ನಾಲಿಗೆ ತುದಿಗೆ ಬಂತು. ಸುಮ್ನಿದ್ದೆ.

ಅವರು ಹಾಳೆಗಳನ್ನೆಲ್ಲ ಮಗುಚಿ, ಹಾಲಿನ ಲೆಕ್ಕಕ್ಕೆ ಆಗುತ್ತೆ ಅಂತ ಕಟ್ಟಿಟ್ಟರು. ಕನ್ನಡಕ ಏರಿಸಿಕೊಂಡು ಅಕ್ಷರ ತಿದ್ದಿದರು. ಮತ್ತೆ ಪ್ರಿಂಟ್ ಒತ್ತಿದರು.