ಘಟನೆ ತಂದರು, ಕಾರಣ ಬಿಟ್ಟು ಬಂದರು

ರೀಮೇಕ್ ನೋಡಿ ಜನ ಬೇಸರ ಮಾಡಿಕೊಂಡಾಗ ನನಗೂ ಅಷ್ಟೇ ಬೇಸರವಾಗುತ್ತದೆ. ಹಲವು ವರ್ಷಗಳಿಂದ ಕನ್ನಡ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದೇನೆ, ಅದರಲ್ಲಿ ರೀಮೇಕುಗಳೇ ಹೆಚ್ಚು. ‘ಮೂಲದಲ್ಲಿದ್ದ ಜೀವ ಇದರಲ್ಲಿಲ್ಲ’ ಎಂದು ನೋಡುಗರು ಹೇಳುವುದು ಬಹುಪಾಲು ನಿಜ. ಅದಕ್ಕೆ ಕಲಾವಿದರನ್ನೋ ಬಜೆಟ್ಟನ್ನೋ ದೂರುತ್ತಾರೆ. ನಾನು ಕಂಡ ಹಾಗೆ ಜೀವ ಹೋಗುವುದು ಅದಕ್ಕೂ ಮೊದಲೇ, ಬರೆಯುವ ಹಂತದಲ್ಲಿ.

ರೀಮೇಕ್ ಅಂದರೆ ನಮ್ಮ ಕೈಗೆ ಬರುವುದು ಮೂಲ ಎಪಿಸೋಡುಗಳ ವಿಡಿಯೊ, ಜೊತೆಗೆ ಸೀನುಗಳ ಪಟ್ಟಿ. ಯಾವ ಸೀನಿಗೆ ಟಿಆರ್‌ಪಿ ಏರಿತ್ತು ಎಂಬ ಗುರುತೂ ಇರುತ್ತದೆ. ‘ಅವುಗಳನ್ನು ಮಾತ್ರ ಮುಟ್ಟಬೇಡಿ’ ಎನ್ನುತ್ತಾರೆ ಚಾನೆಲ್‌ನವರು. ವಾರಕ್ಕೆ ಐದಾರು ಎಪಿಸೋಡ್ ಹೋಗಬೇಕು, ಸೆಟ್ಟಿನಲ್ಲಿ ಕಲಾವಿದರು ಮೇಕಪ್ ಹಾಕಿಕೊಂಡು ಸೀನ್ ಪೇಪರಿಗೆ ಕಾಯುತ್ತಿರುತ್ತಾರೆ. ಈ ಸೀನು ಅಲ್ಲಿ ಯಾಕೆ ಗೆದ್ದಿತು ಎಂದು ಕೇಳುವುದಕ್ಕೆ ಪುರುಸೊತ್ತೇ ಇಲ್ಲ.

ಒಂದು ಹಿಂದಿ ಧಾರಾವಾಹಿಯಲ್ಲಿ ಕರ್ವಾ ಚೌತ್ ಸೀನಿತ್ತು. ‘ಭೀಮನ ಅಮಾವಾಸ್ಯೆ ಮಾಡಿಬಿಡಿ, ಎರಡೂ ಗಂಡನ ಪೂಜೆಯೇ ತಾನೇ’ ಎಂದರು. ಕರ್ವಾ ಚೌತ್ ಬರುವುದು ಹುಣ್ಣಿಮೆ ಕಳೆದ ಚೌತಿಯಂದು. ಅವತ್ತು ಚಂದ್ರ ಮೂಡುವುದು ರಾತ್ರಿಯಾದ ಮೇಲೆ, ಅವನನ್ನು ನೋಡಿದ ಮೇಲೆಯೇ ಹೆಂಡತಿ ಉಪವಾಸ ಬಿಡುವುದು. ಬೆಳಗಿನಿಂದ ನೀರೂ ಮುಟ್ಟದ ಹೆಂಡತಿ, ಇನ್ನೂ ಮನೆಗೆ ಬಾರದ ಗಂಡ, ಇನ್ನೂ ಕಾಣದ ಚಂದ್ರ. ಆ ಸೀನಿನ ಬಿಗಿಯೆಲ್ಲ ಕಾಯುವುದರಲ್ಲಿದೆ. ಅಮಾವಾಸ್ಯೆಯ ದಿನ ಚಂದ್ರನೇ ಇಲ್ಲ, ಇನ್ನು ಕಾಯುವುದು ಯಾರಿಗೆ?

ನಮ್ಮ ಹಬ್ಬದಲ್ಲಿ ಬೇರೆಯದೇ ಇದೆ. ಕಡುಬಿನೊಳಗೆ ಕಾಸಿಟ್ಟು ಹೊಸ್ತಿಲ ಮೇಲೆ ಭಂಡಾರ ಇಡುತ್ತಾರೆ, ಅದನ್ನು ಅಣ್ಣನೋ ತಮ್ಮನೋ ಮೊಣಕೈಯಿಂದ ಒಡೆಯಬೇಕು. ಆಷಾಢವಾದ್ದರಿಂದ ಹೊಸದಾಗಿ ಮದುವೆಯಾದವಳು ತವರಿನಲ್ಲೇ ಇರುತ್ತಾಳೆ. ನಮ್ಮ ಕಥೆಯಲ್ಲಿ ನಾಯಕಿಯ ಅಣ್ಣ ಅವಳ ಮದುವೆಯ ದಿನದಿಂದ ಮಾತು ಬಿಟ್ಟಿದ್ದ. ಇಷ್ಟು ಸಿಕ್ಕ ಮೇಲೆ ಗಂಡನ ಸೀನನ್ನು ಅಣ್ಣನ ಸೀನು ಮಾಡಿದೆ. ಪೂಜೆ ಮುಗಿದಿದೆ, ಭಂಡಾರ ಹಾಗೇ ಇದೆ. ಅಮ್ಮ, ‘ಅವನು ಬರಲ್ಲ ಕಣೇ, ಪಕ್ಕದ್ಮನೆ ಹುಡುಗನ್ನ ಕರೆದು ಒಡೆಸೋಣ’ ಅನ್ನುತ್ತಾಳೆ. ಮಗಳು, ‘ಇನ್ನೊಂದು ಗಳಿಗೆ ನೋಡೋಣಮ್ಮ’ ಅನ್ನುತ್ತಾಳೆ. ಇಷ್ಟೇ ಮಾತು. ಮೂಲದ ಒಂದು ಶಾಟೂ ಇದರಲ್ಲಿ ಉಳಿಯಲಿಲ್ಲ, ಕಾಯುವುದು ಮಾತ್ರ ಉಳಿಯಿತು. ನಾನು ಬರೆದ ಸೀನುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ದೊಡ್ಡವರು ಇದನ್ನು ಮೊದಲೇ ಮಾಡಿ ತೋರಿಸಿದ್ದಾರೆ. ಫಾಸಿಲ್ ನಿರ್ದೇಶನದ ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಚಿತ್ರದಲ್ಲಿ ಗಂಗಾಳ ಮೈಮೇಲೆ ಬಂದ ನಾಗವಲ್ಲಿ ತಮಿಳು ಮಾತಾಡುತ್ತಾಳೆ. ಮನೆಯ ಹೆಣ್ಣುಮಗಳ ಬಾಯಲ್ಲಿ ಪರಭಾಷೆ ಕೇಳಿದಾಗಲೇ ಎದೆ ನಡುಗುವುದು. ಕನ್ನಡದ ‘ಆಪ್ತಮಿತ್ರ’ (2004) ಚಿತ್ರದಲ್ಲಿ ನಾಗವಲ್ಲಿ ತೆಲುಗಿನವಳಾದಳು. ತಮಿಳಿನ ‘ಚಂದ್ರಮುಖಿ’ (2005) ತಮಿಳಿನವಳಾಗಿರುವಂತಿರಲಿಲ್ಲ, ಅವಳೂ ತೆಲುಗು ಮಾತಾಡಿದಳು. ಹಿಂದಿಯ ‘ಭೂಲ್ ಭುಲಯ್ಯಾ’ (2007) ಚಿತ್ರದ ಮಂಜುಲಿಕಾ ಬಂಗಾಳಿಯಾದಳು. ಮೂಲದ ತಮಿಳನ್ನೇ ಇಟ್ಟುಕೊಂಡು ಚೆನ್ನೈಯಲ್ಲಿ ಆ ಕಥೆ ತೆಗೆದಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ. ರೀಮೇಕ್ ಅಂದರೆ ಕೀಳು ಕೆಲಸ ಎಂದು ಯಾರಾದರೂ ಅಂದಾಗ ನಾನು ಕೊಡುವ ಉದಾಹರಣೆ ಇದೇ.

ಬೇರೆ ಭಾಷೆಯಿಂದ ತರುವಾಗ ಊರು ಬದಲಾಗುತ್ತದೆ. ನಮ್ಮದೇ ಹಳೆಯದನ್ನು ಮತ್ತೆ ಮಾಡುವಾಗ ಬದಲಾಗುವುದು ಕಾಲ. ಅದು ಇನ್ನೂ ಕಷ್ಟ. ಈಗ ತೊಂಬತ್ತರ ದಶಕದ ಒಂದು ಕನ್ನಡ ಧಾರಾವಾಹಿಯನ್ನು ಹೊಸದಾಗಿ ಮಾಡುವ ಮಾತು ನಡೆದಿದೆ. ಅದರಲ್ಲಿ ಮಗ ಅಪ್ಪನಿಗೆ ಬರೆದ ಇನ್‌ಲ್ಯಾಂಡ್ ಪತ್ರವನ್ನು ಚಿಕ್ಕಪ್ಪ ಮುಚ್ಚಿಡುತ್ತಾನೆ, ಕಥೆ ನಿಂತಿರುವುದೇ ಅದರ ಮೇಲೆ. ಪತ್ರದ ಜಾಗಕ್ಕೆ ವಾಟ್ಸಾಪ್ ಹಾಕಿ, ಚಿಕ್ಕಪ್ಪ ಫೋನು ಕದ್ದು ಮೆಸೇಜ್ ಅಳಿಸಲಿ ಎಂಬುದು ಚಾನೆಲ್‌ನವರ ಸಲಹೆ. ಮಗ ಇನ್ನೊಂದು ಮೆಸೇಜ್ ಹಾಕುವುದಿಲ್ಲವೇ? ನೇರ ಕರೆ ಮಾಡುವುದಿಲ್ಲವೇ? ಇವತ್ತು ಮಾತು ತಲುಪದೆ ಇರುವುದು ಕಡಿಮೆ. ತಲುಪಿದ ಮೇಲೂ ಉತ್ತರ ಬಾರದಿರುವುದೇ ಹೆಚ್ಚು. ಅಪ್ಪ ಓದಲಿ, ನೀಲಿ ಟಿಕ್ ಬೀಳಲಿ, ಉತ್ತರ ಮಾತ್ರ ಬರೆಯದಿರಲಿ ಎಂದೆ. ಹಾಗೆ ಮಾಡಿದರೆ ಚಿಕ್ಕಪ್ಪನ ಖಳಪಾತ್ರ ಬಿದ್ದುಹೋಗುತ್ತದೆ, ಭಾರವೆಲ್ಲ ಅಪ್ಪನ ಮೇಲೆ ಬರುತ್ತದೆ. ಚಾನೆಲ್ ಇನ್ನೂ ಒಪ್ಪಿಲ್ಲ. ಚಿಕ್ಕಪ್ಪನೇ ಬೇಕೆಂದರೆ ಕಥೆಯನ್ನು ಪತ್ರದ ಕಾಲದಲ್ಲೇ ಇಟ್ಟು ತೆಗೆಯೋಣ, ಎರಡರಲ್ಲಿ ಒಂದನ್ನು ಹೇಳಿ ಎಂದು ಬರೆದು ಕಳಿಸಿದ್ದೇನೆ.